ಅವ್ವನ ಒಲೆಗೆ ಬಂದ ಬೂಸಾ

ಸೌದೆಯನ್ನು ಆರಿಸುವುದು ಅಳಿಯನನ್ನು ಆರಿಸುವುದಕ್ಕಿಂತ ಕಷ್ಟವೆಂದು ಹೇಳುವ ಹೆಂಗಸೊಬ್ಬಳು ಚನ್ನರಾಯಪಟ್ಟಣದಲ್ಲಿದ್ದಾಳೆ. ಅಳಿಯ ಕೆಟ್ಟವನಾದರೆ ಒಂದು ಮನೆ ಕೆಡುತ್ತದೆ, ಸೌದೆ ಕೆಟ್ಟದ್ದಾದರೆ ಅರವತ್ತು ಹುಡುಗರ ಊಟ ಕೆಡುತ್ತದೆ ಎಂಬುದು ಆಕೆಯ ಲೆಕ್ಕ. ಆಕೆಗೆ ಅಳಿಯನೊಬ್ಬನಿದ್ದಾನೆ, ಒಳ್ಳೆಯವನೇ. ಆದುದರಿಂದ ಈ ಮಾತನ್ನು ಅನುಭವದ ಮಾತೆಂದು ತಿಳಿಯಬೇಕೇ ಹೊರತು ಹೊಟ್ಟೆಯುರಿಯ ಮಾತೆಂದಲ್ಲ.

ಬಾಗೂರು ರಸ್ತೆಯ ಕಡೆಗೆ ಹಳೆಯ ಹೆಂಚಿನ ಮನೆ. ಬಾಗಿಲ ಮೇಲೆ ಬೋರ್ಡಿಲ್ಲ. ಹಿರೀಸಾವೆ, ನುಗ್ಗೇಹಳ್ಳಿ, ದಂಡಿಗನಹಳ್ಳಿಗಳ ಕಡೆಯಿಂದ ಓದುವುದಕ್ಕೆಂದು ಬಂದು ಬಾಡಿಗೆಯ ಕೋಣೆಗಳಲ್ಲಿ ನೆಲಸಿರುವ ಹುಡುಗರು ಅದನ್ನು ಮೆಸ್ಸೆನ್ನುವುದಿಲ್ಲ, ಹೋಟೆಲೆನ್ನುವುದಿಲ್ಲ. 'ಅವ್ವನ ಮನೆ' ಎನ್ನುತ್ತಾರೆ. ಮಧ್ಯಾಹ್ನ ಹಿಟ್ಟು, ಬಸ್ಸಾರು, ಅನ್ನ, ಮಜ್ಜಿಗೆ. ರಾತ್ರಿ ಮತ್ತೆ ಹಿಟ್ಟು, ಸಾರು ಮಾತ್ರ ಬೇರೆ. ಹಿಟ್ಟೆಂದರೆ ಈ ಸೀಮೆಯಲ್ಲಿ ರಾಗಿಮುದ್ದೆಯೆಂದೇ ಅರ್ಥ. ಬೆಂಗಳೂರಿನಿಂದ ಬಂದ ಅತಿಥಿಯೊಬ್ಬ 'ಹಿಟ್ಟು ಉಣ್ಣುತ್ತೀಯಾ?' ಎಂದು ಕೇಳಿಸಿಕೊಂಡು ಬೆಚ್ಚಿಬಿದ್ದನಂತೆ. ಅದು ಇಲ್ಲಿಯ ಹುಡುಗರು ಇಂದಿಗೂ ಹೇಳಿಕೊಂಡು ನಗುವ ಕತೆ.

ಗಂಡ ತೀರಿಕೊಂಡ ವರ್ಷ ಎರಡು ಎಮ್ಮೆಗಳನ್ನು ಮಾರಿ, ಆ ಹಣದಲ್ಲಿ ಪಾತ್ರೆಗಳನ್ನು ಕೊಂಡು ಅವ್ವ ಈ ಕೆಲಸಕ್ಕೆ ಕೈಹಾಕಿದಳು. ಅಂದಿನಿಂದ ಮೂವತ್ತು ವರ್ಷಗಳಿಗೂ ಮಿಕ್ಕಿ ಆಕೆ ಬೆಳಗಿನ ನಾಲ್ಕೂವರೆಗೆ ಒಲೆಯ ಮುಂದೆ ಕುಳಿತಿದ್ದಾಳೆ. ಓದು ಬರಹ ಅಷ್ಟಕ್ಕಷ್ಟೆ. ಆದರೆ ಸೌದೆಯ ವಿಷಯದಲ್ಲಿ ಆಕೆ ಪಂಡಿತೆ.

ಡಿಪೋದವನು ಗಾಡಿಯನ್ನು ತಂದು ನಿಲ್ಲಿಸಿದರೆ ಆಕೆ ಮೊದಲು ನೋಡುತ್ತಿದ್ದುದು ಸೌದೆಯ ಕಡಿದ ತುದಿಯನ್ನು. ನಡುವಿನಿಂದ ಅಂಚಿನವರೆಗೆ ಬಿರುಕು ಬಿಟ್ಟಿದ್ದರೆ ಒಣಗಿದೆಯೆಂದು ಅರ್ಥ. ಅನಂತರ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟುವುದು. 'ಠಣ್' ಎಂದರೆ ಹಿತ್ತಲಿಗೆ, 'ದಬ್' ಎಂದರೆ ಹಿಂದಕ್ಕೆ. ಈಗ ತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನೀರೇ ಇರಬಹುದು. ತಿಂಗಳುಗಟ್ಟಲೆ ಗಾಳಿಗೆ ಒಡ್ಡಿ ಒಣಗಿಸಿದರೆ ಅದು ನೂರಕ್ಕೆ 15-20ಕ್ಕೆ ಇಳಿಯುತ್ತದೆ. ಹಸಿ ಸೌದೆಯನ್ನು ತೂಕಕ್ಕೆ ಕೊಂಡವನು ನೀರಿಗೆ ಹಣ ಕೊಟ್ಟಿದ್ದಲ್ಲದೆ, ಆ ನೀರನ್ನು ಆವಿ ಮಾಡುವುದಕ್ಕೆ ಉಳಿದ ಸೌದೆಯ ಶಾಖವನ್ನೂ ದಾನ ಮಾಡುತ್ತಾನೆ. ಅವ್ವನಿಗೆ ನೂರರ ಲೆಕ್ಕ ತಿಳಿಯದು. "ನೀರ್ ಕೊಂಡ್ಕಳಕೆ ನಮ್ಮನೇಲಿ ನಲ್ಲಿ ಇಲ್ವೇನಪ್ಪ?" ಎಂದು ಗಾಡಿಯವನನ್ನು ಕೇಳುತ್ತಿದ್ದಳು, ಅಷ್ಟೆ.

ಮರಮರಕ್ಕೂ ಒಂದೊಂದು ಸ್ವಭಾವ. ಜಾಲಿಯ ಕೆಂಡ ನಂಬಿಕೆಯ ಆಳಿನಂತೆ, ಒಪ್ಪಿಸಿದ ಕೆಲಸ ಮುಗಿಯುವ ತನಕ ಕದಲದು. ಹುಣಸೆ ಕೊಡಲಿಗೆ ಬಗ್ಗದು. ಒಮ್ಮೆ ಹತ್ತಿಕೊಂಡರೆ ಬೇಗನೆ ಆರದು. ಮಾವು ಮಧ್ಯಮ, ಯಾರ ತಂಟೆಗೂ ಹೋಗದ ಸಂಸಾರಸ್ಥ. ನೀಲಗಿರಿ ಬಂದ ಕೂಡಲೆ ಭಾರಿ ಆರ್ಭಟ ಮಾಡಿ ಬೇಗನೆ ಬೂದಿಯಾಗುವ ಜಾತಿ. ನುಗ್ಗೆಯಿಂದ ಹೊಗೆಯಲ್ಲದೆ ಬೇರೇನೂ ಹುಟ್ಟದು. ಕಣಗಿಲೆಯ ಕಡ್ಡಿಯೊಂದು ಹೊರೆಯಲ್ಲಿ ಕಂಡರೆ ಇಡೀ ಹೊರೆಯನ್ನೇ ಹಿಂದಕ್ಕೆ ಕಳುಹಿಸುತ್ತಿದ್ದಳು. ಅದರ ಹೊಗೆಯೂ ವಿಷ. ಇನ್ನು ಈ ತೆಂಗಿನ ಸೀಮೆಯಲ್ಲಿ ಸ್ನಾನದ ಹಂಡೆಗೆ ಸೌದೆ ಕೊಳ್ಳುವವನನ್ನು ಜನ ಹುಚ್ಚನೆಂದಾರು. ಗರಿ, ಎಡೆಮಟ್ಟೆ, ಹೊಂಬಾಳೆ, ಕಾಯಿಯ ಮಟ್ಟೆ, ಚಿಪ್ಪು, ಎಲ್ಲವೂ ಒಲೆಗೆ ಹುಟ್ಟಿದವುಗಳೇ. ಇವುಗಳಲ್ಲಿ ಚಿಪ್ಪು ರಾಜ. ಅವ್ವ ಅದನ್ನು ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟು, ಅವಸರದ ದಿನಕ್ಕೆಂದು ಕಾಯುತ್ತಿದ್ದಳು.

ತೆಂಗಿನ ಮಾತು ಬಂದಾಗ ಆಕೆ ತುಸು ಹೊತ್ತು ಸುಮ್ಮನಾಗುವುದುಂಟು. ಬರಗಾಲಗಳು ಒಂದರ ಹಿಂದೊಂದು ಬಂದು ಚನ್ನರಾಯಪಟ್ಟಣ, ಅರಸೀಕೆರೆಗಳ ತೋಟಗಳಲ್ಲಿ ತೆಂಗಿನ ಮರಗಳು ಸುಳಿ ಬಾಗಿ ಒಣಗಿ ನಿಂತ ಕಾಲದಲ್ಲಿ ಆಕೆಯ ಪಾಲಿನ ಹದಿನೆಂಟು ಮರಗಳೂ ಹೋದವು. ಅಷ್ಟು ಮರ ಸೀಳಿದ್ದರೆ ಒಲೆಗೆ ವರ್ಷವೆಲ್ಲ ಆಗುತ್ತಿತ್ತು. ಆದರೆ ಒಂದು ಚಕ್ಕೆಯನ್ನೂ ಒಲೆಗೆ ಹಾಕಗೊಡದೆ ಇಟ್ಟಿಗೆ ಗೂಡಿನವನಿಗೆ ಬಂದಷ್ಟಕ್ಕೆ ಮಾರಿಬಿಟ್ಟಳು. ಬೇರೆಯವರ ಬೆಂಕಿಯಲ್ಲಿ ಉರಿಯಲಿ, ತನ್ನ ಕಣ್ಣೆದುರಿಗೆ ಬೇಡ ಎಂದಳಂತೆ.

ಕೆಮ್ಮು ಯಾವಾಗ ಶುರುವಾಯಿತೆಂಬುದು ಆಕೆಗೇ ನೆನಪಿಲ್ಲ. ಒಲೆ ಊದುವ ಹೆಂಗಸು ಕೆಮ್ಮುವುದು ಲೋಕದಲ್ಲಿ ಸುದ್ದಿಯಲ್ಲ. ನೀರಿನ ಕೊಡ ಎತ್ತಿ ಹಿತ್ತಲಿನಿಂದ ಒಳಕ್ಕೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುವ ಹಾಗಾದಾಗ ಮಗ ಹೆದರಿ ಹಾಸನಕ್ಕೆ ಕರೆದೊಯ್ದನು. ವೈದ್ಯರು ಒಂದು ಕೊಳವೆಯೊಳಕ್ಕೆ ಊದಿಸಿ ನೋಡಿ, "ಎಷ್ಟು ವರ್ಷದಿಂದ ಬೀಡಿ ಸೇದುತ್ತಿದ್ದೀರಿ?" ಎಂದು ಕೇಳಿದರು. ಅವ್ವ ಕುರ್ಚಿಯಿಂದ ಎದ್ದು ನಿಂತಳು. ಹೊರಟೇಬಿಡುತ್ತಿದ್ದಳೋ ಏನೋ; ಮಗ ಭುಜ ಹಿಡಿದು ಕೂರಿಸಿದನು. ಆಗ ವೈದ್ಯರೇ, "ಹಾಗಾದರೆ ಮನೆಯಲ್ಲಿ ಒಲೆ ಯಾವುದು?" ಎಂದರು. ಬೀಡಿ ಮಾಡುವ ಕೆಲಸವನ್ನು ಮೂವತ್ತು ವರ್ಷದ ಹೊಗೆಯೂ ಮಾಡಬಲ್ಲುದು, ಹೋದ ಶ್ವಾಸಕೋಶ ಮತ್ತೆ ಬಾರದು, ಉಳಿದುದನ್ನು ಉಳಿಸಿಕೊಳ್ಳಬೇಕು ಎಂದು ಹೇಳಿ ಕಳುಹಿಸಿದರು.

ಗ್ಯಾಸಿನ ಮಾತು ಬಂದಿತು. ಮನೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವಂತಿಲ್ಲ; ಅದಕ್ಕೆಂದೇ 19 ಕಿಲೋ ಸಿಲಿಂಡರು ಬೇರೆ, ಬೆಲೆಯೂ ಬೇರೆ. ಮಗ ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದನು. ಎರಡೂ ಹೊತ್ತು ಅರವತ್ತು ಜನಕ್ಕೆ ಗ್ಯಾಸಿನಲ್ಲೇ ಬೇಯಿಸಿದರೆ, ಊಟದ ಬೆಲೆಯನ್ನು ಏರಿಸಬೇಕು. ಇಲ್ಲವೆ ಬಾಗಿಲು ಮುಚ್ಚಬೇಕು. "ಹುಡುಗ್ರು ತಟ್ಟೆಗೆ ಕೈ ಹಾಕಕೆ ನನ್ ಕೈಲಾಗಕಿಲ್ಲ" ಎಂದಳು ಅವ್ವ. ಬಾಗಿಲು ಮುಚ್ಚುವ ಮಾತನ್ನು ತಾಯಿಯೂ ಎತ್ತಲಿಲ್ಲ, ಮಗನೂ ಎತ್ತಲಿಲ್ಲ. ಆ ಬಾಗಿಲಿನಿಂದಲೇ ಆ ಸಂಸಾರ ನಡೆದುಬಂದಿತ್ತು.

ಹದಿನೈದು ದಿನ ಕಳೆದ ಮೇಲೆ ಮಗನ ಗೂಡ್ಸ್ ಆಟೋದಲ್ಲಿ ಎರಡು ಉಕ್ಕಿನ ಒಲೆಗಳೂ ಆರು ಚೀಲಗಳೂ ಬಂದಿಳಿದವು. ಚೀಲ ಬಿಚ್ಚಿದರೆ ಒಳಗೆ ಕಿರುಬೆರಳಿನಷ್ಟೂ ದಪ್ಪವಿಲ್ಲದ, ಮಣ್ಣಿನ ಬಣ್ಣದ ತುಂಡುಗಳು.

"ಇದೇನ್ಲಾ ಮಗ, ಬೂಸಾ ತಂದಿದ್ದೀಯ? ಎಮ್ಮೆ ಮಾರಿ ಎಷ್ಟ್ ವರ್ಷ ಆಯ್ತು!"

"ಬೂಸಾ ಅಲ್ಲ ಕಣವ್ವ, ಪೆಲೆಟ್ಟು. ಇದೇ ಸೌದೆ."

ಅವ್ವ ನಂಬಲಿಲ್ಲ. ಪಕ್ಕದ ಮನೆಯ ಹಸುವೂ ನಂಬಲಿಲ್ಲ. ಡೈರಿಯಿಂದ ತರುವ ಪಶು ಆಹಾರದ ರೂಪವೂ ಇದೇ ತಾನೆ! ಯಾರೂ ಕಾಣದಾಗ ಅದು ಬೇಲಿಯ ಮೇಲಿಂದ ಕತ್ತು ಚಾಚಿ ಒಂದು ಬಾಯಿ ತುಂಬಿಕೊಂಡಿತು. ಅಗಿದು ನೋಡಿ, ಮುಖ ಸಿಂಡರಿಸಿ, ಎಲ್ಲವನ್ನೂ ನೆಲಕ್ಕೆ ಬಿಟ್ಟು ಹೊರಟುಹೋಯಿತು. ಪೆಲೆಟ್ಟು ಮೇವಲ್ಲವೆಂಬುದು ಆ ದಿನ ಬೀದಿಗೆಲ್ಲ ಖಚಿತವಾಯಿತು.

ಪೆಲೆಟ್ಟೆಂಬುದು ಹೊಸ ಮಾಯೆಯೇನೂ ಅಲ್ಲ. ಮರ ಕೊಯ್ಯುವ ಮಿಲ್ಲಿನ ಹೊಟ್ಟು, ಕಡಲೆಕಾಯಿಯ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದುವನ್ನು ಒಣಗಿಸಿ, ಪುಡಿಮಾಡಿ, ತೂತುಗಳಿರುವ ಉಕ್ಕಿನ ಅಚ್ಚಿನ ಮೂಲಕ ಭಾರಿ ಒತ್ತಡದಲ್ಲಿ ತೂರಿಸುತ್ತಾರೆ. ಆ ಒತ್ತಡದ ಕಾವಿಗೆ ಮರದೊಳಗೇ ಇರುವ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ, ತಣ್ಣಗಾದಾಗ ಗಟ್ಟಿಯಾಗಿ, ಪುಡಿಯನ್ನು ಕಟ್ಟಿಹಿಡಿಯುತ್ತದೆ. ಬೇರೆ ಗೋಂದು ಬೇಕಿಲ್ಲ. ಹೀಗೆ ಹುಟ್ಟಿದ ತುಂಡು 6-8 ಮಿಲಿಮೀಟರ್ ದಪ್ಪ; ತೇವ ನೂರಕ್ಕೆ ಹತ್ತರೊಳಗೆ; ಒಂದು ಕಿಲೋ ಉರಿದರೆ ಸುಮಾರು 4,000 ಕಿಲೋ ಕ್ಯಾಲರಿ ಶಾಖ. ಗ್ಯಾಸು ಇದಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚು ಕೊಡುತ್ತದೆ, ನಿಜ. ಆದರೆ ಬೆಲೆಯೂ ಹಾಗೆಯೇ.

ಒಲೆಯ ಯುಕ್ತಿ ಇನ್ನೂ ಸೊಗಸಾದುದು. ಪಾತ್ರದಂತಿರುವ ಗೂಡಿಗೆ ಪೆಲೆಟ್ಟು ತುಂಬಿ ಮೇಲಿನಿಂದ ಹೊತ್ತಿಸಬೇಕು. ಅಡಿಯಲ್ಲಿರುವ ಪುಟ್ಟ ಫ್ಯಾನು ಕೆಳಗಿನಿಂದ ಸ್ವಲ್ಪವೇ ಗಾಳಿ ಊದುತ್ತದೆ. ಅದರಿಂದ ಪೆಲೆಟ್ಟು ಪೂರ್ತಿ ಉರಿಯದೆ ಅನಿಲವಾಗಿ ಮೇಲೇಳುತ್ತದೆ. ಬಾಯಿಯ ಸುತ್ತಲಿನ ತೂತುಗಳಿಂದ ಬರುವ ಎರಡನೆಯ ಗಾಳಿ ಆ ಅನಿಲವನ್ನು ಸುಡುತ್ತದೆ. ಹೊಗೆಯೆಂದರೆ ಸುಡದೆ ಉಳಿದ ಸೌದೆಯೇ ಅಲ್ಲವೆ? ಅದೂ ಸುಟ್ಟುಹೋದ ಮೇಲೆ ಕಣ್ಣಿಗೆ ಬರುವುದೇನು!

ಅವ್ವ ಇದನ್ನು ನೋಡಿ ಥಟ್ಟನೆ ತನ್ನ ತೌರುಮನೆಯ ಹೊಟ್ಟಿನ ಒಲೆಯನ್ನು ನೆನೆದಳು. ತಗಡಿನ ಡಬ್ಬದ ನಡುವೆ ಒನಕೆಯಂಥ ಕೋಲನ್ನು ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ದಮ್ಮಸು ಮಾಡಿ, ಮೆಲ್ಲನೆ ಕೋಲನ್ನೆಳೆದರೆ ನಡುವೆ ಬಾವಿಯಂಥ ತೂತು ನಿಲ್ಲುತ್ತಿತ್ತು. ಬೆಂಕಿ ಅದರೊಳಗೆ ಗಂಟೆಗಟ್ಟಲೆ ಉರಿಯುತ್ತಿತ್ತು. "ಆ ಹೊಟ್ಟಿನೊಲೆ ಮೊಮ್ಮಗ ಇದು" ಎಂದಳು. ನೆಂಟಸ್ತಿಕೆ ಗೊತ್ತಾದ ಮೇಲೆ ಅಪನಂಬಿಕೆ ಅರ್ಧ ಇಳಿಯಿತು.

ಒಲೆಯನ್ನು ತಿದ್ದುವ ಕೆಲಸ ಈ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ವಿಭಾಗದವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಹಳ್ಳಿಗೂ ಹೋಯಿತು. ಅದೇ ಸಂಸ್ಥೆಯ ಸಂಶೋಧನೆಯ ಫಲವಾಗಿ 2006ರ ಸುಮಾರಿಗೆ 'ಊರ್ಜಾ' ಎಂಬ ಪೆಲೆಟ್ಟಿನ ಒಲೆ ಮಾರಾಟಕ್ಕೆ ಬಂದು ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಆದರೆ ಕಚ್ಚಾಮಾಲಿನ ಬೆಲೆ ಏರಿ ಪೆಲೆಟ್ಟು ತುಟ್ಟಿಯಾದಾಗ ಸಂಸಾರದ ಅಡುಗೆಮನೆ ಅದನ್ನು ಕೈಬಿಟ್ಟಿತು. ಹೋಟೆಲು, ಹಾಸ್ಟೆಲುಗಳ ದೊಡ್ಡ ಒಲೆಗಳು ಹಿಡಿದುಕೊಂಡವು. ಒಲೆ ಎಷ್ಟು ಜಾಣನಾದರೂ ಉರುವಲು ಕೈಗೆಟುಕದಿದ್ದರೆ ಅಟ್ಟ ಸೇರುತ್ತದೆ.

ಅಮೆರಿಕದಲ್ಲಿರುವ ತಂಗಿಯ ಮಗನೊಬ್ಬ ಫೋನಿನ ತೆರೆಯ ಮೇಲೆ ತನ್ನ ಹಿತ್ತಲನ್ನು ತೋರಿಸಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ಅಲ್ಲಿಯೂ ಪೆಲೆಟ್ಟು! 1970ರ ದಶಕದ ತೈಲದ ಬಿಕ್ಕಟ್ಟಿನ ತರುವಾಯ ಮನೆ ಬೆಚ್ಚಗಿಡಲೆಂದು ಅಲ್ಲಿ ಬಳಕೆಗೆ ಬಂದ ಪೆಲೆಟ್ಟನ್ನು 1980ರ ದಶಕದಲ್ಲಿ ಆರಿಗನ್ ಸಂಸ್ಥಾನದ ಜೋ ಟ್ರೇಗರ್ ಎಂಬಾತ ಸುಡುವ ಅಡುಗೆಗೆ ಅಳವಡಿಸಿದನು. ವಿದ್ಯುತ್ತಿನಿಂದ ತಿರುಗುವ ತಿರುಪೊಂದು ಡಬ್ಬಿಯಿಂದ ಚೂರುಚೂರಾಗಿ ಪೆಲೆಟ್ಟನ್ನು ಬೆಂಕಿಗೆ ಉಣಿಸುತ್ತದೆ. ಕಾವು ಎಷ್ಟು ಬೇಕೋ ಅಷ್ಟಕ್ಕೆ ಗುಂಡಿ ತಿರುಗಿಸಿದರಾಯಿತು. ಆದರೆ ಅಲ್ಲಿಯವರು ಪೆಲೆಟ್ಟನ್ನು ಆರಿಸುವುದು ಹೊಗೆಗಾಗಿ! ಸೇಬಿನ ಮರದ್ದಾದರೆ ನವುರು ಪರಿಮಳ, ಹಿಕರಿಯದಾದರೆ ಗಾಢ, ಮೆಸ್ಕೀಟಿನದಾದರೆ ಖಾರ. ಕಾವು ತಗ್ಗಿಸಿದಷ್ಟೂ ಹೊಗೆ ಹೆಚ್ಚು, ಹೊಗೆ ಹೆಚ್ಚಿದಷ್ಟೂ ರುಚಿ. ಮೆಸ್ಕೀಟೆಂದರೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟನೆಂದು ಹುಡುಗ ವಿವರಿಸಿದನು.

"ಜಾಲಿನಾ? ಹಂಗಾದ್ರೆ ಅವರ್ಗೂ ಬುದ್ಧಿ ಐತೆ" ಎಂದಳು ಅವ್ವ. ಆದರೆ ದುಡ್ಡು ಕೊಟ್ಟು ಹೊಗೆ ಕೊಳ್ಳುವವರ ಸುಖವನ್ನು ಮಾತ್ರ ಆಕೆ ಕೊನೆಗೂ ಅರ್ಥಮಾಡಿಕೊಳ್ಳಲಿಲ್ಲ.

ಮೊದಲ ತಿಂಗಳು ಒಲೆಯೂ ಆಕೆಯೂ ಜಗಳವಾಡಿದರು. ಹಿಟ್ಟು ಮಾಡುವ ಕ್ರಮವೇ ಬೇರೆ. ಎಸರು ಕುದಿಯುವ ತನಕ ಉರಿ ಜೋರಾಗಿರಬೇಕು; ಹಿಟ್ಟು ಸುರಿದ ಮೇಲೆ ಉರಿಯನ್ನು ಎಳೆದು ಕೆಂಡದ ಕಾವಿನಲ್ಲಿ ಬೇಯಿಸಬೇಕು; ಆಮೇಲೆ ಕೋಲು ಹಿಡಿದು ತೊಳಸಬೇಕು. ಸೌದೆಯ ಒಲೆಯಲ್ಲಿ ಕೊಳ್ಳಿಯನ್ನು ಹಿಂದಕ್ಕೆಳೆದರೆ ಮುಗಿಯಿತು. ಪೆಲೆಟ್ಟನ್ನು ಒಮ್ಮೆ ಸುರಿದರೆ ಹಿಂದಕ್ಕೆ ಎಳೆಯುವಂತಿಲ್ಲ. ನಡುವೆ ಸಾಲದೆ ಬಂದರೆ ಮೇಲೆ ಸುರಿಯುವಂತೆಯೂ ಇಲ್ಲ, ಸುರಿದರೆ ಹೊಗೆ. ಮೊದಲ ವಾರ ಹಿಟ್ಟು ತಳ ಹಿಡಿಯಿತು, ಎರಡನೆಯ ವಾರ ನಡುವೆ ಗಂಟುಳಿಯಿತು. ಹುಡುಗರು ಏನೂ ಹೇಳದೆ ಉಂಡರು. ಅವರು ಏನೂ ಹೇಳಲಿಲ್ಲವೆಂಬುದೇ ಅವ್ವನಿಗೆ ಎಲ್ಲಕ್ಕಿಂತ ಹೆಚ್ಚಿನ ಅವಮಾನವಾಯಿತು.

ಕೊನೆಗೆ ಆಕೆ ಅಟ್ಟದಿಂದ ಹಳೆಯ ಸೇರನ್ನು ಕೆಳಗಿಳಿಸಿದಳು. ಇಷ್ಟು ಜನದ ಅನ್ನಕ್ಕೆ ಇಷ್ಟು ಸೇರು, ಸಾರಿಗೆ ಇಷ್ಟು, ಹಿಟ್ಟಿಗೆ ಎರಡು ಸೇರು ಒಂದು ಪಾವು ಎಂದು ರಾಗಿ ಅಳೆಯುವಂತೆ ಪೆಲೆಟ್ಟನ್ನು ಅಳೆದಳು. ಹಿಟ್ಟು ಸುರಿಯುವ ಹೊತ್ತಿಗೆ ಜ್ವಾಲೆ ಇಳಿದು ಬರೀ ಕೆಂಡ ಉಳಿಯುವಂತೆ ಹೊಂದಿಸಿಕೊಂಡು, ಫ್ಯಾನನ್ನು ಕಡಮೆ ಮಾಡಿದರೆ, ಅದೇ ಜಾಲಿಯ ಕಾವು. ಯಂತ್ರದ ಜೊತೆಗೆ ಬಂದ ಪುಸ್ತಕದಲ್ಲಿ ಇದೊಂದೂ ಇರಲಿಲ್ಲ. ಅದನ್ನು ಬರೆದವರು ಹಿಟ್ಟು ಉಂಡವರಲ್ಲ.

ಆರಿಸುವ ವಿದ್ಯೆಯೂ ಹಾಗೆಯೇ ಕೈಹತ್ತಿತು. ಒಳ್ಳೆಯ ಪೆಲೆಟ್ಟಿನ ಮೈ ಹೊಳೆಯುತ್ತದೆ. ಮುರಿದರೆ 'ಟಕ್' ಎನ್ನುತ್ತದೆ. ಲೋಟದ ನೀರಿಗೆ ಹಾಕಿದರೆ ಮುಳುಗಬೇಕು; ತೇಲಿದರೆ ಒತ್ತಡ ಸಾಲದು. ಚೀಲದ ತಳಕ್ಕೆ ಕೈಹಾಕಿದಾಗ ಹಿಡಿ ತುಂಬ ಪುಡಿ ಬಂದರೆ ಆ ಪುಡಿ ಒಲೆಯ ಗಾಳಿಯನ್ನು ಕಟ್ಟಿಬಿಡುತ್ತದೆ. ಉರಿದ ಮೇಲೆ ಬೂದಿ ಬಿಳಿಯಾಗಿ, ಹಗುರವಾಗಿ, ಕಡಮೆಯಾಗಿರಬೇಕು. ಗಾಜಿನಂತೆ ಕರಗಿ ಕಿಟ್ಟ ಕಟ್ಟಿದರೆ ಮಣ್ಣು ಬೆರೆತಿದೆಯೆಂದೋ ಹುಲ್ಲು ಹೊಟ್ಟುಗಳು ಹೆಚ್ಚಿವೆಯೆಂದೋ ತಿಳಿಯಬೇಕು. ಒಮ್ಮೆ ಬಂದ ಚೀಲವನ್ನು ಅವ್ವ ಮೂಸಿ ನೋಡಿ, "ಇದರಲ್ಲಿ ಬೀರು ಬಾಗಿಲ ವಾಸ್ನೆ" ಎಂದು ವಾಪಸು ಮಾಡಿದಳು. ಪ್ಲೈವುಡ್ಡಿನ ಪುಡಿ ಬೆರೆತ ಪೆಲೆಟ್ಟು ಅಡುಗೆಗೆ ಬಾರದು, ಅದರ ಅಂಟು ಬಣ್ಣಗಳ ಹೊಗೆ ಕೆಟ್ಟದ್ದು. ಚೀಲ ತಂದವನು ವಾದಿಸಲಿಲ್ಲ. ಆತನ ಮೌನವೇ ಉತ್ತರ. ಕಣಗಿಲೆಯ ಕಡ್ಡಿಯನ್ನು ಹೊರೆಯಲ್ಲಿ ಹುಡುಕಿದ ಕಣ್ಣು, ಸೌದೆಯನ್ನು ತಟ್ಟಿ ಕೇಳಿದ ಕಿವಿ, ಹೀಗೆ ಹೊಸ ಕೆಲಸಕ್ಕೆ ಸೇರಿಕೊಂಡವು. ಮೂವತ್ತು ವರ್ಷದ ವಿದ್ಯೆ ವ್ಯರ್ಥವಾಯಿತೆಂದು ಆಕೆ ಒಳಗೊಳಗೇ ಕೊರಗಿದ್ದಳೆಂಬುದು, ಆ ಕೊರಗು ಹೋದ ಮೇಲೆಯೇ ಮನೆಯವರಿಗೆ ತಿಳಿದದ್ದು.

ಇಷ್ಟೆಲ್ಲ ತಿಳಿದವಳೂ ಒಂದು ಮಾತು ಮರೆತಳು. ಸೌದೆ ನೆನೆದರೆ ಬಿಸಿಲಿಗೆ ಹಾಕಿ ಒಣಗಿಸಬಹುದು. ಪೆಲೆಟ್ಟು ನೆನೆದರೆ ಅದು ಮತ್ತೆ ಪೆಲೆಟ್ಟಲ್ಲ. ಆಷಾಢದ ಜಡಿಮಳೆಯಲ್ಲಿ, ಹಲಗೆಯಿಲ್ಲದೆ ನೆಲದ ಮೇಲೆ ಗೋಡೆಗೊರಗಿಸಿದ್ದ ನಾಲ್ಕು ಚೀಲಗಳು ರಾತ್ರೋರಾತ್ರಿ ನೀರು ಕುಡಿದವು. ಬೆಳಿಗ್ಗೆ ಬಿಚ್ಚಿ ನೋಡಿದರೆ ಒಳಗೆ ಒದ್ದೆ ಹೊಟ್ಟು, ಉಬ್ಬಿದ ಅವಲಕ್ಕಿಯಂತೆ. ಅಂದೇ ಪರೀಕ್ಷೆಯ ಮೊದಲ ದಿನ. ಹುಡುಗರು ಒಂಬತ್ತಕ್ಕೆ ಉಂಡು ಹೊರಡಬೇಕು. ಮಗ ಆಟೋದೊಡನೆ ಅರಕಲಗೂಡಿನ ಕಡೆಗೆ ಹೋಗಿದ್ದನು.

ಅವ್ವ ಮಾತಾಡದೆ ಹಿತ್ತಲ ಚಪ್ಪರದ ಕೆಳಗಿನ ಮೂರು ಕಲ್ಲಿನ ಒಲೆಯ ಬೂದಿ ತೆಗೆದಳು. ಮಟ್ಟೆ ಜೋಡಿಸಿದಳು. ಊದುಗೊಳವೆ ಕೈಗೆತ್ತಿಕೊಂಡಳು. ಎರಡು ಸಲ ಊದುವಷ್ಟರಲ್ಲಿ ಉಸಿರು ಕಟ್ಟಿ ಗೋಡೆ ಹಿಡಿದು ಕುಳಿತಳು.

ಆಗ ಬಂದವಳು ಸೊಸೆ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ತರಕಾರಿ ಹೆಚ್ಚಿದವಳು, ತಟ್ಟೆ ತೊಳೆದವಳು, ಲೆಕ್ಕ ಬರೆದವಳು. ಒಲೆಯ ಮುಂದಿನ ಮಣೆಯ ಮೇಲೆ ಒಂದು ದಿನವೂ ಕುಳಿತವಳಲ್ಲ, ಕೂರಗೊಟ್ಟವರೂ ಇಲ್ಲ. ಅವಳು ಅತ್ತೆಯ ಕೈಯಿಂದ ಊದುಗೊಳವೆಯನ್ನು ತೆಗೆದುಕೊಂಡಳು.

"ಅತ್ತೆ, ನೀವು ಜಗಲಿ ಮೇಲೆ ಕೂತ್ಕಳಿ. ಅಲ್ಲಿಂದ್ಲೇ ಹೇಳಿ, ನಾನ್ ಮಾಡ್ತೀನಿ."

"ನಿಂಗೆ ಬರಕಿಲ್ಲ ಕಣೆ."

"ಬರಕಿಲ್ಲ ಅಂತಾನೇ ಹೇಳಿ ಅಂದಿದ್ದು."

ಅವ್ವ ಜಗಲಿಗೆ ಹೋದಳು. ಅಟ್ಟದ ಮೇಲಿನ ಚಿಪ್ಪಿನ ಚೀಲವನ್ನು ಇಳಿಸುವಂತೆ ಅಲ್ಲಿಂದಲೇ ಕೂಗಿದಳು. ಮಟ್ಟೆಯನ್ನು ಒತ್ತಾಗಿ ತುರುಕಬೇಡ, ಗಾಳಿಗೆ ಜಾಗ ಬಿಡು. ಚಿಪ್ಪನ್ನು ಬೋರಲು ಹಾಕಬೇಡ, ಅಂಗಾತ ಹಾಕು. ಈಗ ಎಳೆ, ಈಗ ತೊಳಸು. ಎಂಟೂ ಮುಕ್ಕಾಲಿಗೆ ಮೊದಲ ಪಂಕ್ತಿ ಕುಳಿತಿತು. ಹಿಟ್ಟಿನಲ್ಲಿ ಒಂದೆರಡು ಗಂಟು ಇದ್ದುವು. "ಅವ್ವ, ಇವತ್ತು ಹಿಟ್ಟು ಗಂಟು!" ಎಂದು ಒಬ್ಬ ಹುಡುಗ ನಗುತ್ತಾ ಹೇಳಿಯೇಬಿಟ್ಟನು. ಅವ್ವ ಸೊಸೆಯ ಕಡೆ ತಿರುಗಿ ನೋಡಿ, "ನಂದೇ ತಪ್ಪು ಕಣಪ್ಪ, ಎಳಿ ಅನ್ನಾದು ತಡ ಆಯ್ತು" ಎಂದಳು.

ಈಗ ಚೀಲಗಳು ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ತಾಡಪಾಲು ಹೊದ್ದು ಕುಳಿತಿವೆ. ಬಿಚ್ಚಿದ ಚೀಲದ ಪೆಲೆಟ್ಟು ಮುಚ್ಚಳವಿರುವ ಡ್ರಮ್ಮಿನಲ್ಲಿರುತ್ತದೆ. ಕರೆಂಟು ಹೋದರೂ ಫ್ಯಾನು ತಿರುಗುವಂತೆ ಮಗ ಹಳೆಯ ಬ್ಯಾಟರಿಯೊಂದನ್ನು ಜೋಡಿಸಿದ್ದಾನೆ. ಹೊಗೆ ಕಾಣದಿದ್ದರೂ ಕೆಂಡದ ಗಾಳಿ ಉಸಿರು ಕಟ್ಟಿಸಬಲ್ಲುದೆಂದು ವೈದ್ಯರು ಎಚ್ಚರಿಸಿದ ಮೇಲೆ ಒಲೆಗಳೆರಡೂ ಹಿತ್ತಲ ಚಪ್ಪರಕ್ಕೆ ಹೋಗಿವೆ. ಚಳಿಯೆಂದು ಮಿಕ್ಕ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವ ಹಳೆಯ ರೂಢಿಯೂ ನಿಂತಿದೆ. ಒಲೆಯ ಮುಂದೆ ಸೊಸೆ. ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನೀರಿನ ಕೊಡವನ್ನು ಎತ್ತಗೊಡದಿದ್ದರೂ ಚೀಲ ಬಂದ ದಿನ ಬಾಗಿಲಿಗೆ ಬರುವವಳು ಆಕೆಯೇ. ಲೋಟದಲ್ಲಿ ನೀರು ಹಿಡಿದು ನಿಲ್ಲುತ್ತಾಳೆ.

ವಾರಕ್ಕೊಮ್ಮೆ, ಭಾನುವಾರ, ಬದನೆಕಾಯಿ ಗೊಜ್ಜು. ಪೆಲೆಟ್ಟಿನ ಒಲೆಯಲ್ಲಿ ಸುಟ್ಟ ಬದನೆಕಾಯಿಗೆ ರುಚಿಯಿಲ್ಲವೆಂದು ಅವ್ವ ಹಟ ಹಿಡಿದಿದ್ದಾಳೆ. ಅದಕ್ಕಾಗಿ ಹಿತ್ತಲ ಮೂಲೆಯಲ್ಲಿ ಹತ್ತು ಚಿಪ್ಪು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಸೊಸೆ ಕರೆಯುತ್ತಾಳೆ. ಅವ್ವ ಬಂದು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಕುಳಿತು, ಒಂದೊಂದೇ ಬದನೆಕಾಯನ್ನು ಕೆಂಡದ ಮೇಲೆ ಹೊರಳಿಸುತ್ತಾಳೆ.

"ಸಾಕು ಬನ್ನಿ ಅತ್ತೆ" ಎನ್ನುತ್ತಾಳೆ ಸೊಸೆ.

"ಇನ್ನೊಂದೈತೆ ತಡಿಯೆ."